ತೂತು ದೊಡ್ಡದಾದರೇ ಥ್ರೆಡ್ ಉಳಿಯುತ್ತದೆ

ಸ್ಕ್ರೂ ತಿರುಗುತ್ತಲೇ ಇರುತ್ತದೆ, ಬಿಗಿಯಾಗುವುದಿಲ್ಲ. ಇನ್ನೊಂದು ಸುತ್ತು, ಮತ್ತೊಂದು ಸುತ್ತು ಎಂದು ಕೈ ಸೋಲುವವರೆಗೆ ತಿರುಗಿಸಿದರೂ ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಮುಂಬಯಿಯ ಕುರ್ಲಾದ ಮೆಕ್ಯಾನಿಕ್ ಒಮ್ಮೆ ಕೈಯಾಡಿಸಿ ನೋಡಿ ‘ಚೂಡಿ ಮರ್ ಗಯೀ’ ಎನ್ನುತ್ತಾನೆ. ಪಕ್ಕದ ಮರಾಠಿ ಫಿಟ್ಟರ್ ‘ಆಟೆ ಗೇಲೆ’ ಎಂದು ತಲೆಯಾಡಿಸುತ್ತಾನೆ. ನಮ್ಮೂರಿನವರು ‘ಥ್ರೆಡ್ ಹೋಯ್ತು ಮಾರಾಯ’ ಎನ್ನುತ್ತಾರೆ. ಬೈಕಿನ ಆಯಿಲ್ ಬೋಲ್ಟ್, ಹೊಲಿಗೆ ಯಂತ್ರದ ತಿರುಪು, ಮಾಟುಂಗಾದ ಹೋಟೆಲಿನ ಗ್ರೈಂಡರು, ಲೈಸೆನ್ಸ್ ಇದ್ದವರ ಪಿಸ್ತೂಲಿನ ಹಿಡಿಕೆ, ಎಲ್ಲಿಯೇ ಆದರೂ ಕಾಯಿಲೆ ಒಂದೇ.

ಈ ಹೊತ್ತಿನಲ್ಲಿ ನಮ್ಮ ಕೈ ಮಾಡುವ ಕೆಲಸಗಳೂ ಎಲ್ಲೆಡೆ ಒಂದೇ. ಮೊದಲು ಇನ್ನಷ್ಟು ಬಲ ಹಾಕುತ್ತೇವೆ. ಆಮೇಲೆ ಸ್ಕ್ರೂಗೆ ದಾರ ಸುತ್ತುತ್ತೇವೆ, ಟೆಫ್ಲಾನ್ ಟೇಪು ಸುತ್ತುತ್ತೇವೆ, ಅಂಟು ಸುರಿಯುತ್ತೇವೆ. ಯಾವುದೂ ನಡೆಯದಿದ್ದರೆ ಡಬ್ಬದಲ್ಲಿ ಹುಡುಕಿ ಸ್ವಲ್ಪ ದಪ್ಪದ ಸ್ಕ್ರೂ ತಂದು ಬಡಿದು ಕೂರಿಸುತ್ತೇವೆ. ಎಲ್ಲದರ ಹಿಂದೆಯೂ ಇರುವುದು ಒಂದೇ ಯೋಚನೆ: ಸಡಿಲವಾದದ್ದನ್ನು ಹೇಗಾದರೂ ಬಿಗಿ ಮಾಡಬೇಕು. ಲೋಹದ ಕೆಲಸ ಬಲ್ಲವರು ಇದಕ್ಕೆ ತೀರಾ ಉಲ್ಟಾ ನಡೆಯುತ್ತಾರೆ. ಹಾಳಾದ ತೂತನ್ನು ಅವರು ಮೊದಲು ಇನ್ನಷ್ಟು ದೊಡ್ಡದು ಮಾಡುತ್ತಾರೆ. ಅದು ಯಾಕೆ ಎಂಬುದು ತಿಳಿದರೆ ರಿಪೇರಿಯ ಅರ್ಧ ವಿದ್ಯೆ ತಿಳಿದ ಹಾಗೆ.

ತಿರುಪು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. ಆಗುಂಬೆಯ ಗುಡ್ಡವನ್ನು ಬಸ್ಸು ನೇರ ಹತ್ತಲಾರದು, ಸುತ್ತು ಸುತ್ತಾಗಿ ಹತ್ತುತ್ತದೆ. ಸ್ಕ್ರೂ ಕೂಡ ಹಾಗೆಯೇ ಸಣ್ಣ ಬಲದಿಂದ ಸುತ್ತುತ್ತಾ ದೊಡ್ಡ ಒತ್ತಡವನ್ನು ಹುಟ್ಟಿಸುತ್ತದೆ. ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಅಂತರವೇ ಪಿಚ್. 6 ಮಿ.ಮೀ. ದಪ್ಪದ ಸಾಮಾನ್ಯ ಮೆಟ್ರಿಕ್ ಸ್ಕ್ರೂಗೆ ಪಿಚ್ 1 ಮಿ.ಮೀ., 8ರದ್ದಕ್ಕೆ 1.25. ಇಂಚಿನ ಲೆಕ್ಕದಲ್ಲಿ ಪಿಚ್ ಹೇಳುವುದಿಲ್ಲ, ಒಂದು ಇಂಚಿನಲ್ಲಿ ಎಷ್ಟು ಥ್ರೆಡ್ ಇವೆ ಎಂದು ಎಣಿಸುತ್ತಾರೆ.

ಬೋಲ್ಟ್ ಬಿಗಿದಾಗ ಭಾರ ಎಲ್ಲ ಸುತ್ತುಗಳಿಗೂ ಸಮನಾಗಿ ಹಂಚಿಹೋಗುತ್ತದೆ ಎಂದು ನಮ್ಮ ಎಣಿಕೆ. ಹಾಗಾಗುವುದಿಲ್ಲ. ಮೊದಲ ಸುತ್ತೊಂದೇ ಸುಮಾರು ಮೂರನೇ ಒಂದು ಭಾಗವನ್ನು ಹೊರುತ್ತದೆ, ಎರಡನೆಯದು ಅದಕ್ಕಿಂತ ಕಡಿಮೆ, ಮೂರನೆಯದು ಇನ್ನೂ ಕಡಿಮೆ. ಆರೇಳು ಸುತ್ತು ದಾಟಿದ ಮೇಲೆ ಉಳಿದವು ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತವೆ. ಹಾಗಾಗಿ ಥ್ರೆಡ್ ಒಟ್ಟಿಗೆ ಸಾಯುವುದಿಲ್ಲ. ಬಾಯಿಯ ಬಳಿಯ ಸುತ್ತು ಮೊದಲು ಕಿತ್ತುಬರುತ್ತದೆ, ಭಾರ ಅದರ ಹಿಂದಿನದಕ್ಕೆ ಬೀಳುತ್ತದೆ, ಅದೂ ಹೋಗುತ್ತದೆ, ಹೀಗೆ ಸಾಲಾಗಿ. ಬೋಲ್ಟ್ ಬಿಚ್ಚಿದಾಗ ಅದರ ಹಲ್ಲುಗಳ ನಡುವೆ ಬೆಳ್ಳಗಿನ ಸುರುಳಿ ಸಿಕ್ಕಿಕೊಂಡು ಬಂದರೆ ಅದೇ ತೂತಿನ ಥ್ರೆಡ್. ಬೋಲ್ಟ್ ಉಕ್ಕಿನದು, ಎಂಜಿನ್ ಅಲ್ಯೂಮಿನಿಯಮ್ಮಿನದು. ಗಟ್ಟಿಯದೂ ಮೆತ್ತನೆಯದೂ ಜಗ್ಗಾಡಿದಾಗ ಹೋಗುವುದು ಮೆತ್ತನೆಯದೇ. ಇದೇ ಕಾರಣಕ್ಕೆ ಉಕ್ಕಿನ ತೂತಿನಲ್ಲಿ ಬೋಲ್ಟಿನ ದಪ್ಪದಷ್ಟು ಆಳ ಹಿಡಿತ ಸಾಕಾದರೆ, ಅಲ್ಯೂಮಿನಿಯಮ್ಮಿನಲ್ಲಿ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಆಳ ಕೊಡುತ್ತಾರೆ.

ಸಾಮಾನ್ಯ ಬೈಕೊಂದರ 12 ಮಿ.ಮೀ. ಆಯಿಲ್ ಬೋಲ್ಟಿಗೆ ಕಂಪನಿ ಹೇಳುವ ಬಿಗಿ ಸುಮಾರು 25 ನ್ಯೂಟನ್ ಮೀಟರ್. ಅಂದರೆ ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಹತ್ತು ಕೆಜಿ ತೂಕದಷ್ಟು ಎಳೆತ, ಅಷ್ಟೇ. ರಸ್ತೆಬದಿಯ ಹುಡುಗ ಅದೇ ಸ್ಪ್ಯಾನರಿಗೆ ಪೈಪು ತೂರಿಸಿ ಉದ್ದ ಎರಡು ಪಟ್ಟು ಮಾಡಿಕೊಂಡು, ಮೇಲೆ ಮೈಭಾರವನ್ನೂ ಹಾಕಿ ‘ಟೈಟ್ ಆಯ್ತು ಅಣ್ಣ’ ಎಂದಾಗ ಆ ತೂತಿನ ಆಯುಷ್ಯ ಅಲ್ಲಿಗೇ ಮುಗಿದಿರುತ್ತದೆ. ಸೋರುವುದು ಕಾಣುವುದು ಮುಂದಿನ ಆಯಿಲ್ ಬದಲಾವಣೆಯ ಹೊತ್ತಿಗೆ, ಬೇರೊಬ್ಬನ ಕೈಯಲ್ಲಿ. ತಪ್ಪು ಹೊರುವವನೂ ಅವನೇ. ಮುಂಬಯಿಯ ಹವೆಯೂ ತನ್ನ ಪಾಲು ಸೇರಿಸುತ್ತದೆ. ಉಕ್ಕು, ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ಕೂತ ಕಡೆ ಉಪ್ಪಿನ ತೇವ ಸೇರಿದರೆ ವಿದ್ಯುತ್ ಕೋಶದ ಕ್ರಿಯೆ ಶುರುವಾಗುತ್ತದೆ, ಸವೆಯುವುದು ಅಲ್ಯೂಮಿನಿಯಂ. ನಾಲ್ಕು ತಿಂಗಳು ಮಳೆಯಲ್ಲಿ ನೆನೆದು, ಉಳಿದ ದಿನ ಕಡಲ ಗಾಳಿ ಕುಡಿದ ಸ್ಕೂಟರಿನ ಸ್ಕ್ರೂ ಬಿಳಿ ಪುಡಿಯ ಜೊತೆಗೆ ಥ್ರೆಡ್ಡನ್ನೂ ಕಿತ್ತುಕೊಂಡು ಹೊರಬರುತ್ತದೆ.

ರಿಪೇರಿಗೆ ಕೈಹಾಕುವ ಮುಂಚೆ ತೂತಿನಲ್ಲಿ ಇದ್ದದ್ದು ಯಾವ ಥ್ರೆಡ್ ಎಂದು ತಿಳಿಯಬೇಕು. ಮುಂಬಯಿಯಲ್ಲಿ ಇದು ಅಂದುಕೊಂಡಷ್ಟು ಸುಲಭವಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ದೇಶಕ್ಕೆಲ್ಲ ಒಂದೇ ಥ್ರೆಡ್ ಇರಲಿ ಎಂದು ಸೂತ್ರ ಕಟ್ಟಿದ. ಅವನ ಹಲ್ಲಿನ ಕೋನ 55 ಡಿಗ್ರಿ. ಬೋರಿಬಂದರಿನಿಂದ ಠಾಣೆಗೆ 1853ರಲ್ಲಿ ಹೊರಟ ರೈಲಿನ ಹಿಂದೆ ಬಂದದ್ದು ಇಂಗ್ಲೆಂಡಿನ ಯಂತ್ರಗಳು, ಇಂಗ್ಲೆಂಡಿನ ಅಳತೆ. 1879ರಲ್ಲಿ ಪರೇಲಿನ ರೈಲ್ವೆ ಕಾರ್ಖಾನೆ ಎದ್ದಾಗಲೂ, ಸುತ್ತಲೂ ಬಟ್ಟೆಗಿರಣಿಗಳು ಬೆಳೆದಾಗಲೂ ಈ ಊರಿನ ಕೈಗೆ ಹತ್ತಿದ್ದು ಇಂಚು. ಅಮೆರಿಕದ ವಿಲಿಯಂ ಸೆಲರ್ಸ್ 1864ರಲ್ಲಿ 60 ಡಿಗ್ರಿಯ ಬೇರೊಂದು ಥ್ರೆಡ್ ಮುಂದಿಟ್ಟ. ಕಾಲು ಇಂಚಿನ ವಿಟ್‌ವರ್ತ್ ಸ್ಕ್ರೂವಿಗೂ ಅಮೆರಿಕದ ಕಾಲು ಇಂಚಿಗೂ ಇಂಚಿಗೆ 20 ಥ್ರೆಡ್ಡೇ; ಕೋನ ಮಾತ್ರ ಬೇರೆ. ಅರ್ಧ ಇಂಚಿಗೆ ಬಂದರೆ ಒಂದರಲ್ಲಿ 12, ಇನ್ನೊಂದರಲ್ಲಿ 13. ಒಂದು ಇನ್ನೊಂದರೊಳಗೆ ಎರಡು ಸುತ್ತು ಹೋಗಿ ಕಚ್ಚಿ ನಿಲ್ಲುತ್ತದೆ. ‘ಬಿಗಿ ಇದೆ’ ಎಂದು ಸ್ಪ್ಯಾನರ್ ಹಾಕಿ ಎಳೆದವನು ಎರಡನ್ನೂ ಕೆಡಿಸುತ್ತಾನೆ.

ಈ ಅಳತೆಯ ಜಗಳಕ್ಕೆ ಊರಿನ ನಡುಭಾಗವೇ ಸುಟ್ಟ ಉದಾಹರಣೆಯಿದೆ. 1904ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿದ್ದಾಗ ವಾಷಿಂಗ್ಟನ್ ಮೊದಲಾದ ಊರುಗಳಿಂದ ಅಗ್ನಿಶಾಮಕ ದಳಗಳು ಓಡಿಬಂದವು. ಅವರ ಹೋಸ್ ಪೈಪಿನ ಥ್ರೆಡ್ ಬಾಲ್ಟಿಮೋರಿನ ನೀರಿನ ಕೊಳವೆಗೆ ಕೂರಲಿಲ್ಲ. ಸುಮಾರು 1,500 ಕಟ್ಟಡಗಳು ಸುಟ್ಟುಹೋದವು. ಅಮೆರಿಕ, ಬ್ರಿಟನ್, ಕೆನಡಾ ಮೂರೂ ಒಂದೇ ಥ್ರೆಡ್ಡಿಗೆ ಒಪ್ಪಿದ್ದು ಎರಡು ಮಹಾಯುದ್ಧಗಳಾದ ಮೇಲೆ, 1948ರಲ್ಲಿ.

ನಾವು 1956ರ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿಗೆ ಬಂದೆವು. ಆದರೂ ಚಾಳಿನ ನಲ್ಲಿ ಇಂದಿಗೂ ಅರ್ಧ ಇಂಚಿನದೇ, ಇಂಚಿಗೆ 14 ಥ್ರೆಡ್, ಕೋನ ಅದೇ ವಿಟ್‌ವರ್ತನ 55. ಕುರ್ಲಾದ ಕಾರ್ಖಾನೆಯಿಂದ ಬಂದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಇಟಲಿಯ ಫಿಯೆಟ್ಟಿನ ಕೂಸು, ಹಾಗಾಗಿ ಮೆಟ್ರಿಕ್. ಹಳೆಯ ಬುಲೆಟ್ ಮೋಟಾರ್ ಸೈಕಲ್ಲಿನಲ್ಲಿ ಇಂಗ್ಲಿಷ್ ಥ್ರೆಡ್. ಇವೆರಡೂ ಒಂದೇ ಗಲ್ಲಿಯ ಗ್ಯಾರೇಜಿನಲ್ಲಿ ಒಂದೇ ಡಬ್ಬದ ಬೋಲ್ಟುಗಳಿಂದ ಬದುಕಿದ ವಾಹನಗಳು. 2023ರ ಅಕ್ಟೋಬರ್ ಕೊನೆಗೆ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತು. ಆ ಡಬ್ಬಗಳು ಮಾತ್ರ ಗ್ಯಾರೇಜುಗಳಲ್ಲಿ ಉಳಿದಿವೆ. ಬಲ್ಲ ಮಿಸ್ತ್ರಿ ಅದಕ್ಕೇ ಕಣ್ಣಳತೆಯನ್ನು ನಂಬುವುದಿಲ್ಲ. ಜೇಬಿನಿಂದ ಪಿಚ್ ಗೇಜ್ ತೆಗೆಯುತ್ತಾನೆ. ಗರಗಸದ ಹಲ್ಲಿನಂತಹ ಸಣ್ಣ ಎಲೆಗಳ ಗೊಂಚಲು ಅದು. ಒಂದೊಂದೇ ಎಲೆಯನ್ನು ಬೋಲ್ಟಿಗೆ ಇಟ್ಟು ಬೆಳಕಿಗೆ ಹಿಡಿಯುತ್ತಾನೆ. ನಡುವೆ ಬೆಳಕು ಕಂಡರೆ ಅದಲ್ಲ. ಬೆಳಕು ಮುಚ್ಚಿದರೆ ಅದೇ.

ಇಂತಹ ಕೆಲಸಕ್ಕೆ ಮುಂಬಯಿಯಲ್ಲಿ ‘ಗಾಲಾ’ಗಳಿಗೆ ಹೋಗಬೇಕು. ಸಾಕಿನಾಕಾ, ಕುರ್ಲಾ, ಭಾಂಡುಪ್, ಇನ್ನೂ ಆಚೆಗೆ ವಸಯಿಯವರೆಗೆ ಇಂಡಸ್ಟ್ರಿಯಲ್ ಎಸ್ಟೇಟುಗಳಲ್ಲಿ ಸಾಲಾಗಿರುವ ಒಂದೊಂದು ಕೋಣೆಯ ವರ್ಕ್‌ಶಾಪುಗಳವು. ಒಂದು ಲೇತ್, ಒಂದು ಡ್ರಿಲ್ಲಿಂಗ್ ಮಷೀನ್, ಗೋಡೆಗೆ ದೇವರ ಪಟ, ದಸರಾಕ್ಕೆ ಕಟ್ಟಿದ ಚೆಂಡುಹೂವಿನ ಒಣಗಿದ ಮಾಲೆ. ಲೇತುಗಳ ಕಡೆಗೆ ಸ್ವಲ್ಪ ಬಾಗಿ ನೋಡಿದರೆ ಕೆಲವದರ ಮೇಲೆ ನಮ್ಮ ಊರಿನ ಗುರುತು ಸಿಗುತ್ತದೆ: 1941ರಲ್ಲಿ ಹರಿಹರದಲ್ಲಿ ಶುರುವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್, ಇಲ್ಲವೇ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಎಚ್‌ಎಂಟಿ. ಹತ್ಯಾರು ಬೇಕಾದರೆ ಮಸೀದಿ ಬಂದರ್ ಸ್ಟೇಷನ್ನಿಗೆ ಹತ್ತಿರದ ನಾಗದೇವಿ ಸ್ಟ್ರೀಟ್. ಡ್ರಿಲ್ ಬಿಟ್ಟು, ತೂತಿನೊಳಗೆ ಥ್ರೆಡ್ ಕೊಯ್ಯುವ ಟ್ಯಾಪು, ಡೈ, ನಟ್ಟು-ಬೋಲ್ಟು ಅಲ್ಲಿ ತೂಕದಲ್ಲೂ ಸಿಗುತ್ತವೆ, ಎಣಿಕೆಯಲ್ಲೂ ಸಿಗುತ್ತವೆ. 1767ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಫೋರ್ಬ್ಸ್ ಕಂಪನಿಯ ‘ಟೋಟೆಮ್’ ಟ್ಯಾಪಿನ ಹೆಸರು ಹೇಳಿದರೆ ಗೊತ್ತಿಲ್ಲದ ಅಂಗಡಿಯಿಲ್ಲ.

ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಬೈಕಿನ ಆಯಿಲ್ ಬೋಲ್ಟಿನ ತೂತು ಕೆಟ್ಟಿದೆ ಎಂದುಕೊಳ್ಳಿ, 12 ಮಿ.ಮೀ. ದಪ್ಪ, 1.5 ಪಿಚ್. ಮಿಸ್ತ್ರಿ ಮೊದಲು ಸತ್ತ ಥ್ರೆಡ್ಡನ್ನು ಪೂರ್ತಿ ತೆಗೆದುಹಾಕುತ್ತಾನೆ. ಹನ್ನೆರಡೂವರೆ ಮಿ.ಮೀ. ಆಸುಪಾಸಿನ ಡ್ರಿಲ್ ಓಡಿಸಿ ತೂತನ್ನು ಗುಂಡಗೆ, ನುಣ್ಣಗೆ ಮಾಡುತ್ತಾನೆ. ಚೂರು ಒಳಗೆ ಬೀಳದಿರಲೆಂದು ಬಿಟ್ಟಿಗೆ ಗ್ರೀಸ್ ಹಚ್ಚುತ್ತಾನೆ. ಅಂಟಿಕೊಂಡ ಚೂರು ಗ್ರೀಸಿನ ಜೊತೆಗೇ ಹೊರಬರುತ್ತದೆ. ಆಮೇಲೆ ಟ್ಯಾಪು. ಟ್ಯಾಪು ಮೂರರ ಸೆಟ್ಟಿನಲ್ಲಿ ಬರುತ್ತದೆ: ಮೊದಲನೆಯದರ ಮೂತಿ ಚೂಪು, ದಾರಿ ಹಿಡಿಯುವುದಕ್ಕೆ, ಎರಡನೆಯದು ಹಲ್ಲು ಆಳ ಮಾಡುವುದಕ್ಕೆ, ಮೂರನೆಯದರ ಮೂತಿ ಚಪ್ಪಟೆ, ತಳ ಮುಟ್ಟುವುದಕ್ಕೆ. ಅಲ್ಯೂಮಿನಿಯಮ್ಮಿಗೆ ಸೀಮೆಎಣ್ಣೆ ಬಿಡುತ್ತಾರೆ, ಉಕ್ಕಿಗೆ ಕಟಿಂಗ್ ಆಯಿಲ್, ಬೀಡು ಕಬ್ಬಿಣಕ್ಕೆ ಏನೂ ಬೇಡ.

ಈಗ ಅವನ ಕೈ ನೋಡಬೇಕು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ಬರುವಾಗ ‘ಟಿಕ್’ ಎಂದು ಸಣ್ಣ ಸದ್ದು: ಒಳಗೆ ಕೊಯ್ದ ಲೋಹದ ಸುರುಳಿ ಮುರಿಯಿತು ಎಂದರ್ಥ. ಸುರುಳಿ ಮುರಿಯದೆ ಮುಂದುವರಿದರೆ ಅದು ಟ್ಯಾಪಿನ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ, ಟ್ಯಾಪು ಸಿಕ್ಕಿಕೊಳ್ಳುತ್ತದೆ, ಇನ್ನೊಂದು ಚೂರು ಬಲ ಬಿದ್ದರೆ ಪಟ್ಟನೆ ಮುರಿಯುತ್ತದೆ. ಮುರಿದ ಟ್ಯಾಪಿಗಿಂತ ದೊಡ್ಡ ತಲೆನೋವು ಗಾಲಾದಲ್ಲಿ ಇನ್ನೊಂದಿಲ್ಲ. ಅದು ಗಡಸು ಉಕ್ಕು, ಡ್ರಿಲ್ ಅದರ ಮೇಲೆ ಜಾರುತ್ತದೆ. ಕೊನೆಗೆ ವಿದ್ಯುತ್ ಕಿಡಿಯಿಂದ ಲೋಹ ಸುಡುವ ಸ್ಪಾರ್ಕ್ ಇರೋಷನ್ ಮಷೀನಿನವನ ಬಳಿ ಹೋಗಬೇಕು. ಐದು ನಿಮಿಷ ಉಳಿಸಲು ಹೋಗಿ ಒಂದು ದಿನವನ್ನೂ ಒಂದು ಸಾವಿರ ರೂಪಾಯಿಯನ್ನೂ ಕಳೆದುಕೊಂಡವರ ಕತೆ ಪ್ರತಿ ಎಸ್ಟೇಟಿನಲ್ಲೂ ಕೇಳಸಿಗುತ್ತದೆ.

ಹೀಗೆ ಕೊಯ್ದ ಹೊಸ ಥ್ರೆಡ್ಡಿನ ಹೊರ ಅಳತೆ ಹೆಚ್ಚುಕಡಿಮೆ 14 ಮಿ.ಮೀ. ಹಳೆಯ ಬೋಲ್ಟು ಇದರಲ್ಲಿ ಲೊಳಲೊಳ. ನಡುವಿನ ಸಂದಿಗೆ ಬರುವುದು ಹೆಲಿಕಾಯಿಲ್. ಸ್ಟೇನ್‌ಲೆಸ್ ಸ್ಟೀಲಿನ ತಂತಿಯನ್ನು ಸ್ಪ್ರಿಂಗಿನ ಹಾಗೆ ಸುತ್ತಿದ ಸಣ್ಣ ಸುರುಳಿಯಿದು. ತಂತಿಯನ್ನು ಅಡ್ಡ ಕೊಯ್ದು ನೋಡಿದರೆ ವಜ್ರಾಕಾರ. ಹಾಗಾಗಿ ಹೊರಮೈ ದೊಡ್ಡ ಥ್ರೆಡ್ಡಿಗೆ ಕೂರುತ್ತದೆ, ಒಳಮೈ ಸರಿಯಾಗಿ ಹಳೆಯ 12ರ ಬೋಲ್ಟಿಗೆ ಥ್ರೆಡ್ ಆಗುತ್ತದೆ. ಸುರುಳಿಯನ್ನು ತೂತಿಗಿಂತ ತುಸು ದಪ್ಪಕ್ಕೇ ಮಾಡಿರುತ್ತಾರೆ. ಹಾಕುವ ಉಪಕರಣ ಅದನ್ನು ತಿರುವಿ ಸಣ್ಣದು ಮಾಡಿ ಒಳಗಿಳಿಸುತ್ತದೆ. ಕೈಬಿಟ್ಟ ಕೂಡಲೇ ಅದು ಹಿಗ್ಗಿ ಗೋಡೆಗೆ ಒತ್ತಿ ಕೂರುತ್ತದೆ. ಅಂಟಿನ ಹಂಗಿಲ್ಲ. ಬಾಯಿಯಿಂದ ಸುಮಾರು ಒಂದು ಸುತ್ತಿನಷ್ಟು ಒಳಗೆ ಇಳಿಸಿ, ತಳದಲ್ಲಿ ಹಿಡಿತಕ್ಕೆಂದು ಬಿಟ್ಟಿರುವ ಸಣ್ಣ ಕಡ್ಡಿಯನ್ನು ತಟ್ಟಿ ಮುರಿದು ಹೊರತೆಗೆದರೆ ಕೆಲಸ ಮುಗಿಯಿತು. ಆ ಕಡ್ಡಿಯನ್ನು ಎಂಜಿನ್ನಿನೊಳಗೆ ಬಿಟ್ಟುಬಿಟ್ಟರೆ ಮಾತ್ರ ಬೇರೆಯೇ ರಾಮಾಯಣ ಶುರು.

ಈಗ ಆ ತೂತು ಮೊದಲಿಗಿಂತ ಗಟ್ಟಿ. ಬೋಲ್ಟಿನ ಉಕ್ಕು ಈಗ ಉಜ್ಜುವುದು ಸ್ಟೇನ್‌ಲೆಸ್ ಉಕ್ಕಿನ ಮೇಲೆ. ಅಲ್ಯೂಮಿನಿಯಮ್ಮಿನ ಮೇಲೆ ಬೀಳುವ ಭಾರ ಅಗಲವಾದ ಜಾಗಕ್ಕೆ ಹಂಚಿಹೋಗಿದೆ. ದೊಡ್ಡ ಸುತ್ತಳತೆಯಲ್ಲಿ ಕತ್ತರಿಸಿ ಬರಬೇಕಾದ ಲೋಹವೂ ಹೆಚ್ಚು. ವಿಮಾನದ ಎಂಜಿನ್ ತಯಾರಿಸುವವರು ಥ್ರೆಡ್ ಕೆಡುವವರೆಗೆ ಕಾಯುವುದಿಲ್ಲ. ಹೊಸ ಎಂಜಿನ್ನಿನ ಮೆತ್ತನೆಯ ಲೋಹದ ತೂತುಗಳಿಗೆ ಮೊದಲೇ ಸುರುಳಿ ಕೂರಿಸಿಯೇ ಕಳಿಸುತ್ತಾರೆ. ಹೆಚ್ಚು ಲೋಹ ತೆಗೆದದ್ದರಿಂದ ಹೆಚ್ಚು ಬಲ ಬಂತು ಎಂಬ ವಿಚಿತ್ರದ ಒಳಗುಟ್ಟು ಇಷ್ಟೇ.

ಎಲ್ಲ ಕಡೆಗೂ ಸುರುಳಿಯೇ ಆಗಬೇಕೆಂದಿಲ್ಲ. ಗೋಡೆ ದಪ್ಪಗಿದ್ದು ಬೋಲ್ಟು ಯಾವ ದಪ್ಪದ್ದಾದರೂ ನಡೆಯುತ್ತದೆ ಎಂದಿದ್ದರೆ 14ರ ಥ್ರೆಡ್ ಕೊಯ್ದು 14ರ ಬೋಲ್ಟೇ ಹಾಕಬಹುದು. ಇದು ಅತಿ ಅಗ್ಗ. ಮುಂದಿನ ಸರ್ವಿಸಿನವನು ಹಳೆಯ 12ರದ್ದನ್ನು ಹುಡುಕಿ ತಬ್ಬಿಬ್ಬಾಗುತ್ತಾನೆ, ಅಷ್ಟೇ. ಮೇಲಿಂದ ಮೇಲೆ ಬಿಚ್ಚುವ ಸ್ಪಾರ್ಕ್ ಪ್ಲಗ್ಗಿನಂತಹ ಕಡೆ ಸುರುಳಿಗಿಂತ ಬುಷ್ ಒಳ್ಳೆಯದು: ಒಳಗೂ ಹೊರಗೂ ಥ್ರೆಡ್ ಇರುವ ಉಕ್ಕಿನ ಕೊಳವೆ. ಗಾಲಾದವನು ಇದನ್ನು ಲೇತಿನಲ್ಲಿ ತಿರುಗಿಸಿಯೇ ಕೊಡುತ್ತಾನೆ. ಅಲ್ಯೂಮಿನಿಯಂ ಹೆಡ್ಡಿನಲ್ಲಿ 14 ಮಿ.ಮೀ. ಪ್ಲಗ್ ಇದ್ದ ಪದ್ಮಿನಿ ಟ್ಯಾಕ್ಸಿಗಳಿಗೆ ಇಂತಹ ಬುಷ್ ಮಾಮೂಲಿ ಔಷಧವಾಗಿತ್ತು. ತೆಳು ತಗಡಾದರೆ ಹಿಂದೆ ನಟ್ಟು ಕೊಟ್ಟರೆ ಮುಗಿಯಿತು. ವೆಲ್ಡಿಂಗಿನಲ್ಲಿ ತೂತು ತುಂಬಿ ಹೊಸದಾಗಿ ಕೊರೆಯುವುದು ಕೊನೆಯ ದಾರಿ. ಕಾವಿಗೆ ಸುತ್ತಲಿನ ಲೋಹ ಸೊಟ್ಟಗಾಗುತ್ತದೆ, ಕಾರ್ಖಾನೆಯಲ್ಲಿ ಹದ ಕೊಟ್ಟ ಗಡಸುತನ ಇಳಿದುಹೋಗುತ್ತದೆ. ಅಂಟು ಹಾಕುವುದಕ್ಕೂ ಜಾಗವಿದೆ: ಥ್ರೆಡ್ ಸರಿಯಿದ್ದು ಅದುರುವಿಕೆಗೆ ಸಡಿಲವಾಗುವ ಸ್ಕ್ರೂಗೆ ಗಾಳಿ ಸಿಗದಾಗ ಗಟ್ಟಿಯಾಗುವ ಲಾಕ್‌ಟೈಟಿನಂತಹ ದ್ರವ ಸರಿ. ಸತ್ತ ಥ್ರೆಡ್ಡಿಗೆ ಅದು ಜೀವ ಕೊಡದು.

ಪಿಸ್ತೂಲಿನ ವಿಷಯಕ್ಕೆ ಬರೋಣ. ಅಲ್ಲಿ ಈ ಕಸುಬಿನ ಜಾಣತನವೂ ಅದರ ಮಿತಿಯೂ ಒಟ್ಟಿಗೇ ಕಾಣುತ್ತವೆ. ಜಾನ್ ಬ್ರೌನಿಂಗ್ ರೂಪಿಸಿದ 45 ಬೋರಿನ ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡಿತು. ಆ ಇಸವಿಯೇ ಅದರ ಹೆಸರಾಯಿತು. ಅದರ ಹಿಡಿಕೆಯ ಎರಡು ಬದಿಯ ಮರದ ಹಲಗೆಗಳನ್ನು ಹಿಡಿದಿರುವುದು ನಾಲ್ಕು ಸಣ್ಣ ಸ್ಕ್ರೂಗಳು. ಇಂಚಿಗೆ 50 ಥ್ರೆಡ್, ಅಂದರೆ ಅರ್ಧ ಮಿ.ಮೀ. ಪಿಚ್. ಆ ಸ್ಕ್ರೂಗಳು ನೇರ ಫ್ರೇಮಿಗೆ ಹೋಗುವುದಿಲ್ಲ. ಫ್ರೇಮಿನಲ್ಲಿ ನಾಲ್ಕು ಬುಷ್‌ಗಳಿವೆ, ಹೊರಗೆ ಇಂಚಿಗೆ 60 ಥ್ರೆಡ್. ಸ್ಕ್ರೂ ಕೂರುವುದು ಆ ಬುಷ್ಷಿನೊಳಗೆ. ಸೈನಿಕ ಎಷ್ಟು ಸಲ ಬಿಚ್ಚಿ ಹಾಕಿದರೂ ಸವೆಯುವುದು ಬುಷ್ಷೇ ಇರಲಿ, ಫ್ರೇಮ್ ಉಳಿಯಲಿ ಎಂಬ ಮುಂದಾಲೋಚನೆ ಇದು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಕೆಡುವ ಮುಂಚೆಯೇ ಮಾಡಿಟ್ಟ ರಿಪೇರಿ.

ಆದರೂ ಕೆಡುತ್ತದೆ. ತೆಗೆಯುವಾಗ ಸ್ಕ್ರೂ ಬುಷ್ಷನ್ನು ಕಚ್ಚಿಕೊಂಡು ಎರಡೂ ಒಟ್ಟಿಗೆ ಬರುತ್ತವೆ. ಮತ್ತೆ ಹಾಕುವಾಗ ಬುಷ್ ಓರೆಯಾಗಿ ಹೊಕ್ಕರೆ 60ರ ನವಿರು ಥ್ರೆಡ್ ಅಲ್ಲೇ ಉದುರುತ್ತದೆ. ಫ್ರೇಮ್ ಅಲ್ಯೂಮಿನಿಯಮ್ಮಿನದಾದರಂತೂ ಇನ್ನೂ ಬೇಗ. ಇದಕ್ಕೆ ಬಂದೂಕು ಕಸುಬಿನವರ ಉಪಾಯವೂ ನಮ್ಮ ಗಾಲಾದವನದ್ದೇ: ಫ್ರೇಮಿನ ತೂತನ್ನು ತುಸು ದೊಡ್ಡದು ಮಾಡಿ, ದಪ್ಪ ಅಳತೆಯ ಬುಷ್ ಕೂರಿಸುವುದು. ಮತ್ತೆ ತಿರುಗಿ ಬರದ ಹಾಗೆ ಬುಷ್ಷಿನ ಒಳತುದಿಯನ್ನು ಸಣ್ಣಗೆ ಬಡಿದು ಅಗಲಿಸುತ್ತಾರೆ. ಹಾಗೆ ಅಗಲಿಸಿದ ಅಂಚು ಒಳಗೆ ಚಾಚಿಕೊಂಡರೆ ಗುಂಡಿನ ಮ್ಯಾಗಜಿನ್ ಇಳಿಯುವಾಗ ತಾಗುತ್ತದೆ. ಅದನ್ನು ಕೆರೆದು ಸಮ ಮಾಡಬೇಕು. ಕೂದಲೆಳೆಯ ಕೆಲಸ.

ಕೆಲಸ ಒಂದೇ, ಉಪಾಯ ಒಂದೇ, ಮಾಡುವ ಹಕ್ಕು ಮಾತ್ರ ಒಂದೇ ಅಲ್ಲ. 1959ರ ಆಯುಧ ಕಾಯ್ದೆಯ 5ನೇ ಕಲಂ ಬಂದೂಕು ತಯಾರಿಸುವುದು, ಮಾರುವುದರ ಸಾಲಿನಲ್ಲೇ ‘ರಿಪೇರಿ’ಯನ್ನೂ ಸೇರಿಸಿದೆ. ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದೆ ಮಾಡಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಸೆರೆ, ಹೆಚ್ಚೆಂದರೆ ಜೀವಾವಧಿ. ಪಿಸ್ತೂಲಿನ ಒಡೆಯನ ಬಳಿ ಇರುವುದು ಇಟ್ಟುಕೊಳ್ಳುವ ಪರವಾನಗಿ. ಆ ಕಾಗದ ತೋರಿಸಿ ಸಾಕಿನಾಕಾದ ಗಾಲಾದಲ್ಲಿ ‘ಭಾಯ್, ನಾಲ್ಕು ಬುಷ್ ಹಾಕಿಕೊಡು’ ಎನ್ನುವಂತಿಲ್ಲ. ಹಾಕಿಕೊಟ್ಟವನು ಎಷ್ಟೇ ಕುಶಲಿಯಾದರೂ ಅಪರಾಧಿಯಾಗುತ್ತಾನೆ. 45ರ ಆ ಪಿಸ್ತೂಲಂತೂ ನಮ್ಮಲ್ಲಿ ನಿಷೇಧಿತ ಬೋರಿನದು, ಸಾಮಾನ್ಯ ನಾಗರಿಕನಿಗೆ ಸಿಗುವುದೇ ಇಲ್ಲ. ಸಿಗುವ 32 ಬೋರಿನ ರಿವಾಲ್ವರಿನ ಹಿಡಿಕೆಯ ಸ್ಕ್ರೂ ಕೆಟ್ಟರೂ ದಾರಿ ಒಂದೇ: ಲೈಸೆನ್ಸ್ ಪಡೆದ ಡೀಲರ್, ಅವನ ರಿಜಿಸ್ಟರಿನಲ್ಲಿ ಒಂದು ಸಾಲು.

ಕೊಡಗಿನವರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸಿನ ವಿನಾಯಿತಿ ಉಂಟಲ್ಲ? ಉಂಟು. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಸಮುದಾಯಕ್ಕೆ ಕೊಟ್ಟ ಮನ್ನಣೆ ಅದು. ಆದರೆ ವಿನಾಯಿತಿ ಇರುವುದು ಹೊಂದುವುದಕ್ಕೆ. ಕೋವಿ ರಿಪೇರಿ ಮಾಡಿ ಜೀವನ ಮಾಡುವ ಅಂಗಡಿಯವನಿಗೆ ಅದು ನೆರಳಾಗದು.

ಕಾಯ್ದೆ ಇಷ್ಟು ಬಿಗಿ ಯಾಕೆ ಎಂದರೆ ಕಾರಣ ಫ್ರೇಮಿನಲ್ಲೇ ಇದೆ. ಬಂದೂಕಿನ ಗುರುತಿನ ಸಂಖ್ಯೆ ಲೋಹದ ಮೈಮೇಲೆ ಕೊರೆದದ್ದು. 8ನೇ ಕಲಂ ಪ್ರಕಾರ ಅದನ್ನು ಅಳಿಸುವುದು ಅಪರಾಧ; ಗುರುತು ಅಳಿಸಿದ ಬಂದೂಕು ಯಾರ ಕೈಯಲ್ಲಿದೆಯೋ ಅವನೇ ಅಳಿಸಿದವನು ಎಂದು, ಬೇರೆಯದು ಸಾಬೀತಾಗುವವರೆಗೆ, ಕಾಯ್ದೆ ಭಾವಿಸುತ್ತದೆ. ಫ್ರೇಮಿಗೆ ಡ್ರಿಲ್ ಹಚ್ಚುವವನ ಕೈ ಆ ಸಂಖ್ಯೆಯ ಹತ್ತಿರವೇ ಓಡಾಡುತ್ತದೆ. ಇನ್ನೊಂದು ಕಾರಣ ಸರಳ: ಬೈಕಿನ ಆಯಿಲ್ ಬೋಲ್ಟು ಕಳಚಿದರೆ ನೆಲ ಹೊಲಸಾಗುತ್ತದೆ, ಒತ್ತಡ ಹೊರುವ ಫ್ರೇಮಿನಲ್ಲಿ ತಪ್ಪು ಜಾಗಕ್ಕೆ ತೂತು ಬಿದ್ದರೆ ಹೋಗುವುದು ಹಿಡಿದವನ ಕೈ. ವರ್ಲಿಯಲ್ಲಿರುವ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನಂತಹ ಶೂಟಿಂಗ್ ರೇಂಜಿನಲ್ಲಿ ಗುರಿ ಕಲಿಯುವವರಿಗೂ ಇದೇ ಪಾಠ ಹೊಂದುತ್ತದೆ. ಒರೆಸುವುದು, ಎಣ್ಣೆ ಹಾಕುವುದು ತಮ್ಮದು. ಲೋಹ ಕೊಯ್ಯುವುದು ತಮ್ಮದಲ್ಲ. ಸ್ಕ್ರೂ ಕೆಡದ ಹಾಗೆ ನೋಡಿಕೊಳ್ಳುವುದಂತೂ ಖಂಡಿತ ತಮ್ಮದು: ಸೀಳಿಗೆ ಸರಿಯಾಗಿ ತುಂಬಿ ಕೂರುವ, ತುದಿ ಸಮಾಂತರವಾಗಿ ಅರೆದ ಸ್ಕ್ರೂಡ್ರೈವರ್ ಬೇಕು, ಮನೆಯ ಸಾಮಾನ್ಯ ಸ್ಕ್ರೂಡ್ರೈವರಿನ ಇಳಿಜಾರು ತುದಿ ಜಾರಿ ಮೇಲೇಳುತ್ತದೆ, ಸೀಳನ್ನು ಹರಿಯುತ್ತದೆ.

ಮಾಡುವ ವಸ್ತುವಿನಲ್ಲಿ ಮೊದಲೇ ಬುಷ್ ಇಡುವವನು, ಇದು ಒಂದು ದಿನ ಸವೆಯುತ್ತದೆ, ಆಗ ಯಾರೋ ಒಬ್ಬ ಇದನ್ನು ಬಿಚ್ಚುತ್ತಾನೆ ಎಂದು ಒಪ್ಪಿಕೊಂಡಿರುತ್ತಾನೆ. ಈಗ ಮನೆಗೆ ಬರುವ ಮಿಕ್ಸಿ, ಫ್ಯಾನು, ಆಟಿಕೆಗಳಲ್ಲಿ ಹಲವು ಆ ಒಪ್ಪಿಗೆಯಿಲ್ಲದವು. ಪ್ಲಾಸ್ಟಿಕ್ಕಿಗೆ ನೇರ ತಿರುಗಿಸಿದ ಸ್ಕ್ರೂ ಎರಡನೇ ಸಲಕ್ಕೆ ಹಿಡಿಯುವುದಿಲ್ಲ. ಅದೇ ಪ್ಲಾಸ್ಟಿಕ್ಕಿನಲ್ಲಿ ಹಿತ್ತಾಳೆಯ ಒಂದು ಸಣ್ಣ ಬುಷ್ ಕೂರಿಸಿದ್ದರೆ ಹತ್ತು ಸಲ ಬಿಚ್ಚಬಹುದಿತ್ತು. ಉಳಿಸಿದ್ದು ಕೆಲವೇ ಪೈಸೆ, ಹೋದದ್ದು ಪೂರ್ತಿ ವಸ್ತು. ಅಂಗಡಿಯಲ್ಲಿ ಬಣ್ಣ ನೋಡುವ ಹೊತ್ತಿನಲ್ಲಿ ತಳವನ್ನೂ ಒಮ್ಮೆ ತಿರುಗಿಸಿ, ಸ್ಕ್ರೂ ಎಲ್ಲಿ ಕೂತಿದೆ ಎಂದು ನೋಡುವುದು ದುಡ್ಡು ಉಳಿಸುವ ಅಭ್ಯಾಸ.

ಕೆಟ್ಟ ಥ್ರೆಡ್ ಹಿಡಿದು ಗಾಲಾಕ್ಕೆ ಹೋಗುವವರು ಕೆಲವು ಮಾತು ಕೇಳಿಯೇ ವಸ್ತು ಕೈಗೆ ಕೊಡಬೇಕು. ಪಿಚ್ ಅಳೆದಿರಾ? ಸುರುಳಿ ಹಾಕುತ್ತೀರೋ, ಬುಷ್ಷೋ? ಡ್ರಿಲ್ ಕೈಯಲ್ಲೋ, ಮಷೀನಿನಲ್ಲೋ? ಚೂರು ಒಳಗೆ ಬಿದ್ದರೆ ಹೇಗೆ ತೆಗೆಯುತ್ತೀರಿ? ಬಲ್ಲವನಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ, ಗಿರಾಕಿಗೆ ತನ್ನ ಕೆಲಸ ಗೊತ್ತಿದೆ ಎಂದು ಖುಷಿಯೇ ಆಗುತ್ತದೆ. ‘ಅದೆಲ್ಲ ಬೇಡ, ಸ್ವಲ್ಪ ಟೇಪ್ ಸುತ್ತಿ ಟೈಟ್ ಮಾಡಿಕೊಡ್ತೇನೆ’ ಎಂದವನ ಕೈಯಿಂದ ಬೋಲ್ಟು ವಾಪಸ್ ತೆಗೆದುಕೊಂಡು ಪಕ್ಕದ ಗಾಲಾಕ್ಕೆ ಹೋಗಿ.